ನೀರು ಕಡಿಮೆ ಹಚ್ಚಿದ ಹೂವು

ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ದಾರಿ ಕೇಳಿದರೆ ನಾವೆಲ್ಲ ನಿಂತಲ್ಲಿಂದಲೇ ಕೈ ಚಾಚಿ ತೋರಿಸುತ್ತೇವೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಹಾಗಲ್ಲ. ಕೇಳಿದವರ ಪಕ್ಕಕ್ಕೆ ಹೋಗಿ, ಅವರ ಭುಜಕ್ಕೆ ತಮ್ಮ ಭುಜ ತಾಗುವಂತೆ, ಅವರು ನೋಡುವ ಕಡೆಗೇ ಮುಖ ಮಾಡಿ ನಿಂತು, "ಈಗ ಇದು ನಿಮ್ಮ ಬಲ. ಹೌದಲ್ರಿ? ಈ ಬಲಕ್ಕ ಹೋಗ್ರಿ" ಎನ್ನುತ್ತಿದ್ದರು. ತೆಲಿಗಿಯ ಬಸ್ಸು ಹುಡುಕುತ್ತಿದ್ದ ಹೆಣ್ಣುಮಗಳೊಬ್ಬಳು ಇವರ ಈ ಭುಜದ ವ್ಯವಹಾರ ಕಂಡು ಗಾಬರಿಯಾಗಿ, ಮೂರು ಹೆಜ್ಜೆ ಹಿಂದೆ ಸರಿದು, ದಾರಿಯೇ ಬೇಡವೆಂದು ಹೊರಟುಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಪೆಚ್ಚಾಗಿ ನನ್ನ ಕಡೆ ತಿರುಗಿ, "ಬಸ್ಸು ಎಡಕ್ಕಿತ್ತು ಮೇಡಂ" ಅಂದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. "ಬರೀರಿ ಮೇಡಂ, ಹೆಸರೊಂದು ಬ್ಯಾಡ. ಅವ್ರು ನಾಚಿಕೊಂತಾರ" ಎಂದು ಅವರ ಹೆಂಡತಿ, ಗಂಡ ಇನ್ನೂ ಒಳಗಿನ ಕೋಣೆಯಲ್ಲಿ ಕೂತಿದ್ದಾರೆ ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದ್ದಾರೆ. ಹೆಸರು ಬಿಟ್ಟರೂ ನಮ್ಮೂರಿನವರು ಮೊದಲ ಸಾಲಿಗೇ ಗುರುತು ಹಿಡಿಯುತ್ತಾರೆ. ಅದಕ್ಕೆ ನಾನೇನೂ ಮಾಡಲಾರೆ.

ನಾನು ಗಣಿತದ ಟೀಚರು. ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಅವರೂ ನಾನೂ ಎದುರುಬದುರು ಕುರ್ಚಿಯಲ್ಲಿ ಕೂತವರು. ನನ್ನ ಬಾಯಿ ಜೋರು. ಮಕ್ಕಳು ಬೆನ್ನ ಹಿಂದೆ ನನಗಿಟ್ಟ ಹೆಸರು 'ಒಗ್ಗರಣೆ'. ಅವರಿಗೆ ಬಾಯಿಯೇ ಇರಲಿಲ್ಲ. ಮಾತು ಶುರು ಮಾಡುತ್ತಿದ್ದರು, ಮುಗಿಸುತ್ತಿರಲಿಲ್ಲ. "ಮೇಡಂ, ನಿಮಗೊಂದು ಮಾತು ಹೇಳಬೇಕಿತ್ತು…" ಎನ್ನುವರು. ನಾನು ಹಾಜರಿ ಪುಸ್ತಕದಿಂದ ತಲೆಯೆತ್ತಿ "ಏನ್ರಿ ಸರ್?" ಎಂದರೆ, "ಏನಿಲ್ರಿ, ಚಾ ಆರತೈತಿ, ಕುಡೀರಿ" ಎನ್ನುವರು. ಆ ಮಾತು ಎಷ್ಟು ಸಲ ಶುರುವಾಯಿತೋ ಅಷ್ಟೂ ಸಲ ಚಹಾದಲ್ಲಿ ಮುಳುಗಿತು. ಪಾಪ, ಹರಪನಹಳ್ಳಿಗೆ ವರ್ಗ ಬೇಕಿರಬಹುದು, ನನ್ನಿಂದ ಹೆಡ್‌ಮಾಸ್ಟರಿಗೆ ಹೇಳಿಸಲು ಸಂಕೋಚ ಎಂದು ನಾನು ಅಂದುಕೊಂಡಿದ್ದೆ. ಒಂದು ಸಲ ಹೇಳಿಯೂ ಬಿಟ್ಟೆ. ಹೆಡ್‌ಮಾಸ್ಟರು ಕರೆಸಿ ಕೇಳಿದಾಗ ಮೇಷ್ಟ್ರು ಕಕ್ಕಾಬಿಕ್ಕಿಯಾಗಿ, ತಮ್ಮಿಂದ ಏನು ತಪ್ಪಾಯಿತೆಂದು ಎರಡು ದಿನ ಊಟ ಬಿಟ್ಟರಂತೆ.

ಪಾಠದಲ್ಲಿ ಮಾತ್ರ ಅವರಿಗೆ ಧೈರ್ಯವಿತ್ತು. ಮಕ್ಕಳ ಚಿತ್ರವನ್ನು ತಪ್ಪು ಎಂದದ್ದೇ ಇಲ್ಲ. ಒಬ್ಬ ಹುಡುಗಿ ಐದು ಕಾಲಿನ ಎಮ್ಮೆ ಬರೆದಿದ್ದಳು. ಮೇಷ್ಟ್ರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, "ನಡೀತೈತೇನವ್ವ ಇದು? ನಡದ್ರ ಇರ್ಲಿ ಬಿಡು" ಅಂದರು. ಆದರೆ ಒಂದು ಮಾತನ್ನು ವರ್ಷವರ್ಷವೂ ಎಲ್ಲ ತರಗತಿಯಲ್ಲೂ ಬೋರ್ಡಿನ ಮೇಲೆ ಮನುಷ್ಯನ ಚಿತ್ರ ಬರೆದು ಹೇಳುವರು: "ಚಿತ್ರದಾಗಿನ ಮನುಷ್ಯಾನ ಬಲಗೈ ನಿಮ್ಮ ಎಡಕ್ಕ ಬರತೈತಿ. ಇದನ್ನ ಮರತು ಬಾಳ ಮಂದಿ ಕೆಟ್ಟಾರ." ಪಕ್ಕದ ಕೋಣೆಯಲ್ಲಿ ಸಮೀಕರಣ ಬಿಡಿಸುತ್ತಿದ್ದ ನಾನು, ಎಡಬಲ ಮರೆತು ಕೆಟ್ಟ ಆ ಬಾಳ ಮಂದಿ ಯಾರಪ್ಪಾ ಎಂದು ನಗುತ್ತಿದ್ದೆ.

ಇನ್ನು ದೇವರ ವಿಷಯ. ಅವರು ಗುಡೇಕೋಟೆ ಕಡೆಯ ಒಂದು ಹಳ್ಳಿಯವರು, ಪೂಜಾರಿ ಮನೆತನ. ಊರ ಹಿಂದಿನ ಗುಡ್ಡದ ಮೇಲೆ ಅಮ್ಮನ ಗುಡಿ. ನಾವು ಕೂಡ್ಲಿಗಿಯವರು ಆ ತಾಯಿಯನ್ನು ಗುಡ್ಡದವ್ವ ಎನ್ನುತ್ತೇವೆ. ಏನೇ ಕವಲು ಎದುರಾದರೂ ಅವಳ ಹತ್ತಿರ ಹೂ ಕೇಳುವುದು ನಮ್ಮ ರೂಢಿ. ಪೂಜಾರಿ ಎರಡು ಸೇವಂತಿಗೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೂರುತ್ತಾರೆ. ಅಮ್ಮನ ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಹೀಗೆ ಮದುವೆಗಳು ಕೂಡಿವೆ, ಮುರಿದಿವೆ, ಬೋರ್‌ವೆಲ್ಲಿನ ಜಾಗ ಬದಲಾಗಿದೆ. ಎರಡರಲ್ಲಿ ಒಂದು ಬೀಳುವ ಸಾಧ್ಯತೆ ಅರ್ಧಕ್ಕರ್ಧ ಎಂದು ಮಕ್ಕಳಿಗೆ ಕಲಿಸುವವಳು ನಾನೇ. ಆದರೂ ನಂಬುತ್ತೇನೆ. ಗಣಿತ ಹೊಟ್ಟೆಗೆ, ಅಮ್ಮ ಎದೆಗೆ.

ನಂಬಲು ಕಾರಣವೂ ಇದೆ. ನಾನು ಪಿಯುಸಿ ಮುಗಿಸಿದಾಗ ಹಡಗಲಿಯ ಕಾಲೇಜಿಗೆ ಹೋಗುವ ಹಟ ಹಿಡಿದಿದ್ದೆ. ನನ್ನ ಸೋದರಮಾವ ತನ್ನ ಮಗನಿಗೆ ನನ್ನನ್ನು ತಂದುಕೊಳ್ಳುವ ಹಟ ಹಿಡಿದಿದ್ದ. ಮಗ ಕೆಟ್ಟವನಲ್ಲ, ಆದರೆ ಏಳನೆಯ ಮಗ್ಗಿಯ ಹತ್ತಿರ ಅವನ ವಿದ್ಯೆ ನಿಂತಿತ್ತು. ನಮ್ಮಪ್ಪ ಟೇಲರ್, ಅಳೆಯದೆ ಕತ್ತರಿ ಹಾಕದ ಮನುಷ್ಯ. ಹೆಂಡತಿಯ ಅಣ್ಣನಿಗೂ ಬೇಡ ಅನ್ನಲಾರ, ಮಗಳಿಗೂ ಬೇಡ ಅನ್ನಲಾರ. "ಅವ್ವನ್ನ ಕೇಳೋಣು" ಅಂದ. ಹೋದೆವು. ಮಗಳನ್ನು ಕಾಲೇಜಿಗೆ ಕಳಿಸಲೇ ಎಂದು ಅಪ್ಪ ಮಾವನ ಎದುರೇ ಕೇಳಿದ. ಹೂ ಹಚ್ಚಿದರು. ಅರ್ಧ ಗಳಿಗೆಯೂ ಆಗಿರಲಿಲ್ಲ, ಅಮ್ಮನ ಬಲಭುಜದ ಹೂ ಜಾರಿ ಅವಳ ಪಾದದ ಮೇಲೆ ಬಿತ್ತು. ನಾನು ಆ ವಾರವೇ ಹಡಗಲಿಯ ಬಸ್ಸು ಹತ್ತಿದೆ.

ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಕೊನೆಗೆ, "ನಮ್ಮ ಮಾವನೂ ಎಂಥಾ ಭಕ್ತ ಅಂತೀರಿ, ಹೂ ಬಿದ್ದಿದ್ದ ನೋಡಿ ಹಣಿ ಹಣಿ ಬಡಕೊಂಡು ಅತ್ತುಬಿಟ್ಟ" ಎಂದೂ ಸೇರಿಸುತ್ತಿದ್ದೆ. ಕತೆ ಶುರುವಾದರೆ ಸಾಕು, ಡ್ರಾಯಿಂಗ್ ಮೇಷ್ಟ್ರಿಗೆ ಪೆನ್ಸಿಲ್ ಕೆತ್ತುವ ಕೆಲಸ ನೆನಪಾಗುತ್ತಿತ್ತು. ಎದ್ದು ಕಿಟಕಿಗೆ ಹೋಗಿ ಪೆನ್ಸಿಲ್ಲುಗಳನ್ನು ಮೊಂಡಾಗುವ ಮುಂಚೆಯೇ ಕೆತ್ತಿ ಕೆತ್ತಿ ಗಿಡ್ಡ ಮಾಡುತ್ತಿದ್ದರು. ನಿಮ್ಮೂರಿನ ಅಮ್ಮ ಅಲ್ವೇನ್ರಿ ಎಂದು ಕೇಳಿದರೆ, "ನಮ್ಮ ದೊಡ್ಡಪ್ಪಾರು ಪೂಜಿ ಮಾಡ್ತಿದ್ರು" ಎಂದಷ್ಟೇ ಉತ್ತರ. ಶುಕ್ರವಾರ ನಾನು ಊರೊಳಗಿನ ಅಮ್ಮನ ಗುಡಿಯಿಂದ ತಂದ ಪ್ರಸಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಷಾಯ ಕುಡಿಯುವ ಮಗುವಿನಂತೆ ಕಣ್ಣುಮುಚ್ಚಿ ನುಂಗುತ್ತಿದ್ದರು.

ಇಬ್ಬರೂ ಒಂದು ವರ್ಷದ ಅಂತರದಲ್ಲಿ ನಿವೃತ್ತರಾದೆವು. ನಿವೃತ್ತರಾದ ಗಂಡಸರು ನಮ್ಮ ಕಡೆ ಹೊಲ ಮಾಡುತ್ತಾರೆ, ಇಲ್ಲ ರಾಜಕೀಯ ಮಾತಾಡುತ್ತಾರೆ. ಇವರು ಸಿನಿಮಾ ತೆಗೆಯುತ್ತೇನೆ ಎಂದು ಬಂದರು. ನಾನು ನಕ್ಕ ನಗುವಿಗೆ ನಮ್ಮ ಮನೆಯವರು ಕೋಣೆಯಿಂದ ಎದ್ದು ಬಂದರು.

"ನಗಬ್ಯಾಡ್ರಿ ಮೇಡಂ. ಸಣ್ಣದು. ಒಬ್ಬ ಮುದುಕ ಪೂಜಾರಿ ಅದಾನ. ಅವಂಗೊಂದು ತಪ್ಪು ಒಪ್ಪಿಕೊಳ್ಳೋದೈತಿ. ಒಬ್ಬ ಟೀಚರಮ್ಮನ ಮುಂದ ಒಪ್ಪಿಕೊಂತಾನ. ಅಷ್ಟ."

"ಹಾಡು?"

"ಇಲ್ಲ."

"ಬಡಿದಾಟ?"

"ಇಲ್ರಿ. ಯಾರೂ ಓಡಂಗಿಲ್ಲ, ಯಾರೂ ಕೂಗಂಗಿಲ್ಲ."

"ಹಂಗಾದ್ರ ಯಾರು ನೋಡ್ತಾರ?"

ಅವರು "ಒಬ್ರು ನೋಡಿದ್ರ ಸಾಕು" ಅಂದರು. ಆಮೇಲೆ, ಟೀಚರಮ್ಮನ ಪಾತ್ರ ನೀವೇ ಮಾಡಬೇಕು ಎಂದರು.

ಕ್ಯಾಮರಾಕ್ಕೆ ಕೊಟ್ಟೂರಿನ ಮದುವೆ ಸ್ಟುಡಿಯೋದವನು ಸಿಕ್ಕಿದ. ಒಳ್ಳೆಯ ಮನುಷ್ಯ. ಆದರೆ ಇಪ್ಪತ್ತು ವರ್ಷ ಧಾರೆ, ಆರತಕ್ಷತೆ ತೆಗೆದು ತೆಗೆದು, ಯಾರು ಚೌಕಟ್ಟಿಗೆ ಬಂದರೂ "ಸ್ವಲ್ಪ ನಕ್ಕೊಂತ ಈ ಕಡೆ ನೋಡ್ರಿ" ಎನ್ನುವ ಚಟ. ಸಿನಿಮಾದ ಮೊದಲಿಗೆ ಪೂಜಾರಿ ದೀಪ ತಿಕ್ಕುವ ದೃಶ್ಯ. ನಾಲ್ಕು ನಿಮಿಷ ಬರೀ ದೀಪ ತಿಕ್ಕುವುದು. ಪೂಜಾರಿಯ ಪಾತ್ರ ಮೇಷ್ಟ್ರದೇ. ಮೂರನೆಯ ನಿಮಿಷಕ್ಕೆ ಸ್ಟುಡಿಯೋದವನಿಗೆ ತಡೆಯಲಾಗಲಿಲ್ಲ.

"ಸರ್, ಒಂದು ಡ್ರೋನ್ ಶಾಟ್ ಹಾಕೋಣ್ರಿ. ಮ್ಯಾಲಿಂದ."

"ದೀಪ ತಿಕ್ಕೋದನ್ನ ಮ್ಯಾಲಿಂದ ಯಾರು ನೋಡ್ತಾರಪ್ಪ?"

"ಅಮ್ಮ ನೋಡ್ತಾಳಲ್ರಿ ಸರ್."

ಮೇಷ್ಟ್ರು ದೀಪ ಕೆಳಗಿಟ್ಟು ಎದ್ದು ಹೋದರು. ಆ ದಿನ ಮತ್ತೆ ಶೂಟಿಂಗ್ ಆಗಲಿಲ್ಲ. ಡ್ರೋನಿನ ಬಾಡಿಗೆಯ ಚಿಂತೆ ಇರಬೇಕು ಎಂದು ನಾವೆಲ್ಲ ತಿಳಿದೆವು.

ನನ್ನ ದೃಶ್ಯ ಗುಡ್ಡದವ್ವನ ಗುಡಿಯ ಕಟ್ಟೆಯ ಮೇಲೆ. ಅವರು ಕೊಟ್ಟ ಚೀಟಿಯಲ್ಲಿ ನನಗಿದ್ದದ್ದು ಮೂರೇ ಮಾತು. 'ಹೌದಾ?' 'ಆಮೇಲೆ?' 'ಕ್ಷಮಾ ಮಾಡೀನಿ, ಹೋಗು.' ಒಗ್ಗರಣೆಗೆ ಮೂರು ಸಾಸಿವೆ ಕೊಟ್ಟ ಹಾಗೆ. ನಿಮ್ಮ ಮಾತು ಏನು ಎಂದು ಕೇಳಿದರೆ ಹೇಳಲಿಲ್ಲ; ಮೊದಲೇ ಗೊತ್ತಾದರೆ ನನ್ನ ಮುಖದಲ್ಲಿ ಆಶ್ಚರ್ಯ ಬರುವುದಿಲ್ಲವಂತೆ. ಸರಿ ಎಂದು ಕೂತೆ. ಮೇಷ್ಟ್ರು ನನ್ನ ಪಕ್ಕ ಕೂತು, "ಅಮ್ಮಾರ, ನಿಮಗೊಂದು ಮಾತು ಹೇಳಬೇಕಿತ್ತು…" ಎಂದು ನಿಂತರು. ಮತ್ತೆ ತೆಗೆದರು. ಮತ್ತೆ ನಿಂತರು. ಹನ್ನೊಂದು ಸಲ. ಒಂದು ಸಲ ಕೆಮ್ಮು ಬಂತು, ಒಂದು ಸಲ ಮೇಕೆ ಬಂತು. ನನಗೆ ಬಿಸಿಲಿಗೆ ತಲೆ ಕಾದಿತ್ತು.

"ಇಪ್ಪತ್ತಾರು ವರ್ಷದಿಂದ ಇದ ಡೈಲಾಗ್ ಪ್ರಾಕ್ಟೀಸ್ ಮಾಡೀರಿ. ಇನ್ನೂ ಬಾಯಿಗೆ ಬರಂಗಿಲ್ಲಂದ್ರ ಹೆಂಗ್ರಿ ಸರ್?" ಅಂದೆ.

ಅದು ಎಲ್ಲಿಗೆ ತಾಗಿತೋ. ಹನ್ನೆರಡನೆಯ ಸಲ ಅವರು ನನ್ನನ್ನು ನೋಡದೆ, ಎದುರಿಗಿನ ಕುರುಚಲು ಗುಡ್ಡ ನೋಡುತ್ತ ಹೇಳಿದರು.

"ಒಬ್ಬಾಕಿ ಹುಡುಗಿ ಹೂ ಕೇಳಾಕ ಬಂದಿದ್ಲು. ಹಸಿರು ಲಂಗ. ಕೈಯಾಗ ಕಾಲೇಜಿನ ಫಾರಂ ಸುತ್ತಿ ಹಿಡಕೊಂಡಿದ್ಲು. ಬೆವರಿಗೆ ಒದ್ದಿ ಆಗಿತ್ತು ಅದು."

"ಹೌದಾ?" ಅಂದೆ. ನನ್ನ ಮೊದಲನೆಯ ಮಾತು.

"ಪೂಜಿ ಮಾಡೋ ದೊಡ್ಡಪ್ಪಗ ಜ್ವರ ಬಂದಿತ್ತು. ಅವತ್ತು ಹೂ ಹಚ್ಚಿದಾಂವ ನಾನು."

"ಆಮೇಲೆ?"

"ಬಲಭುಜದ ಹೂವಿಗೆ ನೀರು ಕಮ್ಮಿ ಹಚ್ಚಿದೆ. ನೀರು ಕಮ್ಮಿ ಆದ್ರ ಹೂ ಲಗೂನ ಉದುರತೈತಿ. ಆ ಹೂ ಅಮ್ಮ ಕೊಟ್ಟಿದ್ದಲ್ಲ. ನಾನು ಬೀಳಿಸಿದ್ದು."

ಫಾರಂ ವಿಷಯ ನಾನು ಸ್ಟಾಫ್ ರೂಮಿನಲ್ಲಿ ಎಂದೂ ಹೇಳಿದವಳಲ್ಲ. ಅದನ್ನು ಹಿಡಿದ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದೆ, ಅಪ್ಪನಿಗೂ ಕಂಡಿರಲಿಲ್ಲ; ಎದುರು ನಿಂತು ಹೂ ಹಚ್ಚಿದವನಿಗಷ್ಟೇ ಕಾಣಬೇಕು. ಆ ದಿನ ನಾನು ಹೂವನ್ನು ನೋಡುತ್ತಿದ್ದೆನೇ ಹೊರತು ಹೂ ಹಚ್ಚಿದವನ ಮುಖ ನೋಡಿರಲಿಲ್ಲ. ಈಗ ನೋಡಿದೆ. ವೇಷದ ಕುಂಕುಮ, ಭಂಡಾರ ಒರೆಸಿ, ನಲವತ್ತು ವರ್ಷ ಕಳೆದರೆ ನಮ್ಮ ಡ್ರಾಯಿಂಗ್ ಮೇಷ್ಟ್ರದು ಅಂದು ಹೂ ಹಚ್ಚಿದ ಹುಡುಗನ ಮುಖ. ಮೂರನೆಯ ಮಾತು ಬಾಯಿಗೆ ಬರಲಿಲ್ಲ. ಎದ್ದು, ಕಟ್ಟೆ ಇಳಿದು, ಕ್ಯಾಮರಾದ ಮುಂದಿನಿಂದಲೇ ಹಾದು ಗುಡ್ಡ ಇಳಿದುಬಿಟ್ಟೆ. ಹಿಂದಿನಿಂದ ಸ್ಟುಡಿಯೋದವನು, "ಏನ್ ಆಕ್ಟಿಂಗ್ರಿ ಮೇಡಂ" ಎನ್ನುವುದು ಕೇಳಿಸಿತು.

ನನಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಲೆಕ್ಕ ಹಾಕಿದರೆ ಆ ಮನುಷ್ಯ ನನಗೆ ಉಪಕಾರವನ್ನೇ ಮಾಡಿದ್ದ. ಒಬ್ಬ ಬಡಹುಡುಗಿಯ ಮುಖ ನೋಡಿ ಕರುಣೆಯಿಂದ ಹೂ ಬೀಳಿಸಿದ್ದ. ಎರಡು ದಿನ ಬಿಟ್ಟು ಶಾಲು, ತೆಂಗಿನಕಾಯಿ, ಬಾಳೆಹಣ್ಣು ತೆಗೆದುಕೊಂಡು ಅವರ ಮನೆಗೆ ಹೋಗಿ, ಹೆಂಡತಿಯ ಎದುರೇ ಶಾಲು ಹೊದಿಸಿ, "ನಿಮ್ಮಿಂದ ನಾನು ಮನುಷ್ಯಳಾದೆ ಸರ್" ಎಂದು ಕೈಮುಗಿದೆ. ಅವರು ಶಾಲಿನೊಳಗೆ ಚಳಿಜ್ವರ ಬಂದವರ ಹಾಗೆ ಮುದುಡಿ ಕೂತಿದ್ದರು. "ಮೇಡಂ, ನಿಮಗೊಂದು ಮಾತು…" ಎಂದರು. ಅವರ ಹೆಂಡತಿ ಚಹಾ ತಂದಳು.

ಆದರೆ ನನ್ನ ಒಳಗಿನದು ಬೇರೆ. ಹಡಗಲಿಯ ಹಾಸ್ಟೆಲ್ಲಿನ ಮೊದಲ ವಾರ ಅಳು ಬಂದಾಗ, ಮೊದಲನೆಯ ಹೆರಿಗೆಯಲ್ಲಿ ಜೀವ ಹೋಗಿ ಬಂದಾಗ, ನನಗಿದ್ದ ಧೈರ್ಯ ಒಂದೇ: ನನ್ನನ್ನು ಇಲ್ಲಿಗೆ ಕಳಿಸಿದವಳು ಅಮ್ಮ, ಅವಳೇ ನೋಡಿಕೊಳ್ಳುತ್ತಾಳೆ. ಈಗ ನೋಡಿದರೆ ಕಳಿಸಿದವನು ಹತ್ತೊಂಬತ್ತರ ಒಬ್ಬ ಹುಡುಗ. ಅವನಿಗೆ ಕೃತಜ್ಞಳಾಗಿರಬಹುದು, ಅವನ ಮುಂದೆ ದೀಪ ಹಚ್ಚಲಾಗುತ್ತದೆಯೇ? ಶುಕ್ರವಾರ ಬಂತು, ನಾನು ಗುಡಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದೆ. ಮರು ಶುಕ್ರವಾರ ಬಿಸಿಲು ಎಂದೆ. ಹೀಗೆ ಆರು ಶುಕ್ರವಾರ. ದೇವರಿಲ್ಲ ಎಂಬ ಜಗಳವಲ್ಲ ಅದು. ಅಮ್ಮ ಇದ್ದಾಳೆ, ಆದರೆ ನನ್ನ ಪರಿಚಯ ಅವಳಿಗಿಲ್ಲ ಎಂಬ ನಾಚಿಕೆ.

ಏಳನೆಯ ಶುಕ್ರವಾರ ಸಂಜೆ ಐದಕ್ಕೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಬಗಲಲ್ಲಿ ತುಕ್ಕು ಹಿಡಿದ ಒಂದು ತಗಡಿನ ಪೆಟ್ಟಿಗೆ. ನಮ್ಮ ಮನೆಯವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು.

"ಇವತ್ತೂ ಗುಡಿಗೆ ಹೋಗಿಲ್ಲಲ್ರಿ ಮೇಡಂ?"

"ಮೊಣಕಾಲು."

"ಮೊಣಕಾಲಲ್ಲ. ನಾನು." ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು. ಒಳಗೆ ಹನ್ನೆರಡು ಗುಳಿ, ಒಣಗಿ ಬಿರುಕು ಬಿಟ್ಟ ಬಣ್ಣ. "ಸಿನಿಮಾದಾಗ ನಾನು ಪೂರ್ತಿ ಹೇಳಿಲ್ಲ. ನೀರು ಕಮ್ಮಿ ಹಚ್ಚಿದ್ದು ಖರೆ. ನಿಮಗ ಒಳ್ಳೇದಾಗಲಿ ಅಂತ ಹಚ್ಚಿದೆ ಅನ್ನೋಹಂಗ ತೋರಿಸಿದ್ದು ಸುಳ್ಳು. ಹಿಂದಿನ ದಿನ ನಿಮ್ಮ ಸೋದರಮಾವ ಬಂದಿದ್ರು. ಹೂ ಎಡಕ್ಕ ಬೀಳಬೇಕು ಅಂದ್ರು. ಈ ಪೆಟಗಿ ಕೈಯಾಗಿಟ್ರು. ನಾನು ಅಲ್ಲೀತನಕ ಇದ್ದಿಲು ಹಿಡಕೊಂಡು ಗ್ವಾಡಿ ಮ್ಯಾಲ ಬರಕೊಂತ ಇದ್ದಾಂವ. ಹನ್ನೆರಡು ಬಣ್ಣ, ಮೇಡಂ. ಒಪ್ಪಿಕೊಂಡುಬಿಟ್ಟೆ."

"ಹಂಗಾದ್ರ ಬಲಕ್ಕ ಹೆಂಗ ಬಿತ್ತು?"

"ಅದನ್ನ ಹೆಂಗ ಹೇಳ್ಲಿ…" ಎಂದು ಸುತ್ತ ನೋಡಿ, ನಮ್ಮ ಮನೆಯವರನ್ನು, "ಸ್ವಲ್ಪ ಎದ್ದು ನಿಂದರ್ರಿ, ನೀವು ಅಮ್ಮ" ಅಂದರು. ಅವರು ಪೇಪರ್ ಮಡಚಿ, ಕನ್ನಡಕ ತೆಗೆದು, ತಕರಾರಿಲ್ಲದೆ ಅಮ್ಮನಾಗಿ ನಿಂತರು. ಮೇಷ್ಟ್ರು ಅವರ ಎದುರು ನಿಂತು ತಮ್ಮ ಎಡಗೈಯನ್ನು ಚಾಚಿ ಭುಜದ ಮೇಲಿಟ್ಟರು.

"ಎಡಕ್ಕ ಬೀಳಬೇಕಲ್ಲ, ಅದಕ್ಕ ನನ್ನ ಎಡಗಡಿ ಹೂವಿಗೆ ನೀರು ಕಮ್ಮಿ ಹಚ್ಚಿದೆ. ಪೂಜಾರಿ ಮನಿಯಾಗ ಹುಟ್ಟಿದಾಂವ, ಅಮ್ಮನ ಬಲ ಯಾವುದು ಅಂತ ನನಗ ಗೊತ್ತಿತ್ರಿ. ಕೈಗೆ ಗೊತ್ತಿರಲಿಲ್ಲ. ಹೆದರಿಕಿ. ಹೂ ಬಿದ್ದ ಮ್ಯಾಲ ತಿಳೀತು."

"ಇದು ನನ್ನ ಬಲಭುಜ" ಎಂದು ಅಮ್ಮ ದೃಢಪಡಿಸಿದರು.

ಹಣೆ ಹಣೆ ಬಡಿದುಕೊಂಡು ಅತ್ತ ನನ್ನ ಮಾವ ಕಣ್ಣಮುಂದೆ ಬಂದ. ನಲವತ್ತು ವರ್ಷ ಅವನ ಭಕ್ತಿಯನ್ನು ಕೊಂಡಾಡಿಕೊಂಡು ಬಂದಿದ್ದೆನಲ್ಲ. ಪಾಪ, ಪೆಟ್ಟಿಗೆಯನ್ನು ವಾಪಸ್ ಕೇಳುವ ಹಾಗೂ ಇರಲಿಲ್ಲ ಅವನಿಗೆ. ನಗು ಬಂತು. ನಗುವಿನ ಹಿಂದೆಯೇ, ಎಷ್ಟೋ ವಾರದಿಂದ ಬರದಿದ್ದ ಸಿಟ್ಟೂ ಬಂತು.

ಬೈದೆ. ಹನ್ನೆರಡು ಬಣ್ಣಕ್ಕೆ ನನ್ನ ಬಾಳು ಮಾರಲು ಹೊರಟವರು ನೀವು, ಕಾಸಿನ ಬುದ್ಧಿಯಿಲ್ಲದ ಪೂಜಾರಿ ನೀವು, ಎಡಬಲ ತಿಳಿಯದವರು ದೇವರ ಮೈ ಮುಟ್ಟುತ್ತಾರೇನ್ರಿ, ನನ್ನಿಂದ ಶಾಲು ಹೊದಿಸಿಕೊಂಡಿರಲ್ಲ, ಆ ಶಾಲು ವಾಪಸ್ ಕೊಡಿ ಎಂದೆ. ಓಣಿಯವರು ಬಾಗಿಲಿಗೆ ಬಂದರು. ಮೇಷ್ಟ್ರು ತಲೆತಗ್ಗಿಸಿ ಕೂತು, ಮಳೆಯಲ್ಲಿ ನೆನೆಯುವ ಎಮ್ಮೆಯ ಸುಖದಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೈದು ದಣಿದ ಮೇಲೆ ಒಂದು ಮಾತು ಹೊಳೆಯಿತು. "ಅಲ್ರಿ ಸರ್, ನೀವು ಎಡಕ್ಕ ಬೀಳಿಸಾಕ ಹೋದ್ರಿ. ನಮ್ಮ ಮಾವನೂ ಎಡಕ್ಕ ಅಂದ. ಇಬ್ರೂ ಸೇರಿದ್ರೂ ಬಲಕ್ಕ ಬಿತ್ತು. ಬೀಳಿಸಿದಾಕಿ ಯಾರು ಹಂಗಾದ್ರ?"

"ದಡ್ಡತನ ನಂದ ಮೇಡಂ. ಅದರಾಗ ಅಮ್ಮಗ ಪಾಲು ಕೊಡಬ್ಯಾಡ್ರಿ."

"ನಿಮ್ಮ ದಡ್ಡತನ ನಿಮ್ಮ ಕಡೀನ ಇರ್ಲಿ. ಏಳ್ರಿ, ಗುಡಿಗೆ ಹೊತ್ತಾತು."

ಅವರನ್ನೂ ಎಳೆದುಕೊಂಡೇ ಹೋದೆ. ಆ ದಿನ ನಾನು ಅಮ್ಮನ ಮುಂದೆ ನಿಂತಾಗ ಆದ ಸಂತೋಷವನ್ನು ಗಣಿತದವಳು ಹೇಗೆ ಬರೆಯಲಿ. ತವರುಮನೆಯ ಬಾಗಿಲು ಮತ್ತೆ ತೆರೆದ ಹಾಗಿತ್ತು. ತಾವು ದೊಡ್ಡವರಾಗಿಯೇ ಉಳಿಯುವ ಅವಕಾಶ ಮೇಷ್ಟ್ರಿಗಿತ್ತು. ಶಾಲು ಹೊದ್ದುಕೊಂಡು ಸುಮ್ಮನಿದ್ದರೆ ಸಾಕಿತ್ತು. ನನಗೆ ಅಮ್ಮನನ್ನು ವಾಪಸ್ ಕೊಡಲು ಆ ಮನುಷ್ಯ ನನ್ನೆದುರು ಇಷ್ಟು ಸಣ್ಣವರಾದರು. ಅದನ್ನು ನಾನು ಮರೆಯುವುದಿಲ್ಲ.

ಸಿನಿಮಾದ ಆ ದೃಶ್ಯವನ್ನು ಮತ್ತೆ ತೆಗೆದೆವು. ಈ ಸಲ ಪೂಜಾರಿ ಪೂರ್ತಿ ಸತ್ಯ ಹೇಳಿದ, ಒಂದೇ ಸಲಕ್ಕೆ. ನನ್ನ ಮೂರನೆಯ ಮಾತು ಮಾತ್ರ ನಾನು ಬದಲಿಸಿದೆ. "ಕ್ಷಮಾ ಮಾಡಂಗಿಲ್ಲ. ನಾಳಿ ಬಾ, ಇನ್ನೂ ಬೈಯೋದೈತಿ" ಅಂದೆ. ಮೇಷ್ಟ್ರು ಕ್ಯಾಮರಾ ಮರೆತು ನನ್ನ ಮುಖ ನೋಡಿ ನಕ್ಕರು. ಸಿನಿಮಾ ಆ ನಗುವಿನ ಮೇಲೆ ಮುಗಿಯುತ್ತದೆ.

ಗುಡಿಯ ಈಗಿನ ಪೂಜಾರಿ ಮೇಷ್ಟ್ರ ದೊಡ್ಡಪ್ಪನ ಮಗ. ಇದನ್ನು ತೋರಿಸಿದರೆ ನಾಳೆ ಯಾರು ಹೂ ಕೇಳಲು ಬರುತ್ತಾರೆ ಎಂದು ಅವನಿಗೆ ಅಳುಕು. ಆದರೂ ಮೇಷ್ಟ್ರು ಆ ಹಳ್ಳಿಯ ಸಮುದಾಯ ಭವನದಲ್ಲೇ ಪರದೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದರು. ದೀಪ ತಿಕ್ಕುವಾಗ ಅರ್ಧ ಜನ ನಿದ್ದೆ ಹೋದರು. ಎಡಬಲದ ಮಾತಿಗೆ ಬಿದ್ದು ಬಿದ್ದು ನಕ್ಕರು. ಮರು ಮಂಗಳವಾರ ಹೂ ಕೇಳುವವರು ಮೊದಲಿಗಿಂತ ಹೆಚ್ಚೇ ಬಂದರಂತೆ. ವ್ಯತ್ಯಾಸ ಇಷ್ಟೇ: ಈಗ ಪ್ರತಿಯೊಬ್ಬರೂ ಕೈಮುಗಿಯುವ ಮುಂಚೆ, "ಸ್ವಾಮೇರ, ಎರಡಕ್ಕೂ ನೀರು ಸಮ ಹಚ್ರಿ" ಎನ್ನುತ್ತಾರಂತೆ.

ಆಮೇಲಿನ ಎರಡು ವರ್ಷ ಮೇಷ್ಟ್ರು ದಿನಾ ಐದಕ್ಕೆ ಬಂದರು. "ಬೈಸಿಕೊಳ್ಳಾಕ ಬಂದೀನ್ರಿ" ಎಂದೇ ಒಳಗೆ ಬರುವರು. ನಾನೂ ದಿನಕ್ಕೊಂದು ಹೊಸದು ಹುಡುಕಿ ಬೈಯುತ್ತಿದ್ದೆ. ಮೂಲ ತಪ್ಪು ಖರ್ಚಾದ ಮೇಲೆ ಅವರ ಅಂಗಿಯ ಗುಂಡಿ, ಕೊಡೆ, ಹಾಕುವ ಸಕ್ಕರೆ, ಎಲ್ಲಕ್ಕೂ. ಹೋಗುವಾಗ ಬಾಗಿಲಲ್ಲಿ ನಿಂತು, "ಇವತ್ತರ ಕ್ಷಮಾ ಆತೇನ್ರಿ?" ಎನ್ನುವರು. "ಇಲ್ಲ" ಎನ್ನುತ್ತಿದ್ದೆ. ಖುಷಿಯಿಂದ ಚಪ್ಪಲಿ ಮೆಟ್ಟಿಕೊಂಡು ಹೋಗುವರು.

ಹೋದ ಬೇಸಿಗೆಯಲ್ಲಿ ಅವರಿಗೆ ಹೊಟ್ಟೆಯೊಳಗೆ ಏನೋ ಬೆಳೆದಿದೆ ಎಂದು ಗೊತ್ತಾಯಿತು. ಬರುವುದು ನಿಂತಿತು, ನಾನೇ ಐದಕ್ಕೆ ಅವರ ಮನೆಗೆ ಹೋಗತೊಡಗಿದೆ. ಮಂಚದ ಮೇಲೆ ಚಾದರದಷ್ಟೇ ಆಗಿದ್ದರು. ಒಂದು ದಿನ ನನಗೆ ಬೈಯಲು ಬಾಯಿ ಬರಲಿಲ್ಲ.

"ಸರ್, ಆ ಮೂರನೇ ಮಾತು ಅಂದುಬಿಡ್ತೀನಿ" ಅಂದೆ.

ಅವರು ಕೈ ಎತ್ತಿ ತಡೆದರು. "ಬ್ಯಾಡ್ರಿ ಮೇಡಂ. ಅಂದ್ರ ಮುಗೀತು. ಆರಾಮ ಆದ ಮ್ಯಾಲ ಏನಂತ ನೆಪ ಹೇಳಿ ಬರ್ಲಿ ನಿಮ್ಮ ಮನಿಗೆ?"

ಹನ್ನೊಂದು ದಿನಕ್ಕೆ ಹೋದರು. ನಾನು ತಲುಪುವಾಗ ದೇಹವನ್ನು ಅಂಗಳದಲ್ಲಿ ಕೂರಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, "ಮೇಡಂ, ಈಗರ ಅಂದುಬಿಡ್ರಿ. ಭಾರ ಹೊತ್ಕೊಂಡು ಹೋಗೋದು ಬ್ಯಾಡ" ಅಂದಳು. ಕಿವಿಯ ಹತ್ತಿರ ಬಗ್ಗಿದೆ. ಎರಡು ವರ್ಷ ದಿನಾ ಬೈದ ಬಾಯಿ, ಮೂರು ಶಬ್ದಕ್ಕೆ ಒಣಗಿತು. "ಕ್ಷಮಾ ಮಾಡೀನ್ರಿ ಸರ್" ಅಂದೆ. ಹಿಂದೆ ನಿಂತಿದ್ದ ಯಾರೋ ಹಿರಿಯರು, "ಕೇಳಸ್ಲಿಲ್ಲವ್ವ, ಸ್ವಲ್ಪ ಜೋರಾಗಿ ಅನ್ನು" ಅಂದರು. ಹುಟ್ಟಿದಾಗಿನಿಂದ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಇನ್ನೊಮ್ಮೆ ಅಂದೆ, ಎಲ್ಲರಿಗೂ ಕೇಳುವಂತೆ. ಅಂದು, ಎದ್ದು ಬಾಗಿಲಾಚೆ ಬಂದು ನಿಂತಾಗ ಗೊತ್ತಾಯಿತು: ನಾಳೆ ಐದಕ್ಕೆ ಬರಲು ಅವರಿಗಿದ್ದ ಒಂದೇ ನೆಪವನ್ನೂ ನಾನೇ ಕಸಿದುಕೊಂಡಿದ್ದೆ.